ಪಿಸ್ತೂಲಿಗೆ ದೀಪ ಕೂರಿಸುತ್ತಿದ್ದ ಅಕ್ಕ

ಅವರು ತೀರಿಕೊಂಡ ಸುದ್ದಿಯನ್ನು ಅವರ ಮಗಳು ಫೋನಿನಲ್ಲಿ ಹೇಳಿದಳು. ಇಲ್ಲೇ, ಈ ಪರದೇಶದಲ್ಲೇ ಹುಟ್ಟಿ ಬೆಳೆದ ಹುಡುಗಿ. ಇಂಗ್ಲಿಷಿನಲ್ಲಿ ಶುರು ಮಾಡಿದವಳು ನಡುವೆ ತಡೆದು, "ಅಂಕಲ್, ಅಮ್ಮ ಹೋದ್ರು" ಎಂದು ಕನ್ನಡದಲ್ಲಿ ಮುಗಿಸಿದಳು. ಉತ್ತರಕ್ರಿಯೆಯ ದಿನ ಸ್ಟೌಫ್‌ವಿಲ್‌ನ ಅವರ ಮನೆಗೆ ಹೋಗಿದ್ದೆ. ಬಂದವರು ಅವರ ನೀರುದೋಸೆಯ ಬಗ್ಗೆ ಮಾತಾಡಿದರು. ಕೊನೆಯ ವರ್ಷಗಳಲ್ಲಿ ಬೇಸ್‌ಮೆಂಟಿನಲ್ಲಿ ಕೂತು ಊರವರ ಹೊಲಿಗೆ ಮೆಷಿನ್ನುಗಳನ್ನೆಲ್ಲ ರಿಪೇರಿ ಮಾಡಿಕೊಡುತ್ತಿದ್ದುದನ್ನು ನೆನೆದರು. ಅದಕ್ಕೂ ಮುಂಚಿನ ಅವರ ಕೆಲಸವನ್ನು ಮಾತ್ರ ಯಾರೂ ಎತ್ತಲಿಲ್ಲ. ಒಬ್ಬರು, "ಯಾವುದೋ ಸೆಕ್ಯೂರಿಟಿ ಕಂಪನಿಯಲ್ಲಿ ಸ್ಟೋರ್ಸ್ ನೋಡ್ಕೊಳ್ತಿದ್ರಂತೆ" ಎಂದರು. ಸುಳ್ಳಲ್ಲ. ಆ ಸ್ಟೋರ್ಸಿನಲ್ಲಿ ಇದ್ದದ್ದು ಪಿಸ್ತೂಲುಗಳು. ಅದನ್ನು ಬಲ್ಲವನು ಅಲ್ಲಿ ನಾನೊಬ್ಬನೇ ಇದ್ದೆ. ಆದ್ದರಿಂದ ಬರೆಯುತ್ತಿದ್ದೇನೆ.

ಅದು ಬ್ಯಾಂಕುಗಳ ಹಣ ಸಾಗಿಸುವ ಕಂಪನಿ. ಬ್ರಾಂಪ್ಟನ್ನಿನ ಗೋದಾಮುಗಳ ನಡುವೆ ಕಿಟಕಿಗಳಿಲ್ಲದ ಕಟ್ಟಡ. ಬೆಳಿಗ್ಗೆ ಕಬ್ಬಿಣದ ಮೈಯ ಲಾರಿಗಳು ಹೊರಡುತ್ತವೆ, ಒಂದೊಂದು ಊರು ಸುತ್ತಿ ಸಂಜೆಯೊಳಗೆ ಮರಳುತ್ತವೆ. ಲಾರಿಯಲ್ಲಿ ಹೋಗುವ ಗಾರ್ಡುಗಳಿಗೆ ಪಿಸ್ತೂಲು ಇಟ್ಟುಕೊಳ್ಳುವ ಅನುಮತಿ ಇದೆ. ನಾನು ಭಾರತದ ವಾಯುಪಡೆಯಿಂದ ಸಾರ್ಜೆಂಟ್ ಆಗಿ ನಿವೃತ್ತನಾಗಿ, ಜಾರ್ಜ್‌ಟೌನ್‌ನಲ್ಲಿದ್ದ ತಮ್ಮನ ಹಿಂದೆ ಇಲ್ಲಿಗೆ ಬಂದವನು. ಡಿಸ್ಪ್ಯಾಚ್ ಮೇಜಿನಲ್ಲಿ ಕೂತು ಯಾವ ಲಾರಿ ಎಲ್ಲಿದೆ, ಯಾರು ತಡವಾದರು ಎಂದು ನೋಡುವುದು ನನ್ನ ಕೆಲಸ. ಪಿಸ್ತೂಲುಗಳನ್ನು ಕೊಡುವುದು, ತೆಗೆದುಕೊಳ್ಳುವುದು, ದುರಸ್ತಿ ಮಾಡುವುದು ಅವರ ಕೆಲಸ. ನನ್ನ ಮೇಜಿನ ಮುಂದಿನ ಗಾಜಿನಿಂದ ಲಾರಿಗಳು ಬಂದು ನಿಲ್ಲುವ ಒಳಗಿನ ಅಂಗಳವೂ ಅಂಗಳದ ಆಚೆ ಅವರ ಅರ್ಧಬಾಗಿಲಿನ ಕಿಟಕಿಯೂ ಕಾಣುತ್ತಿದ್ದವು.

ಅವರನ್ನು ಮೊದಲು ಅಕ್ಕ ಎಂದು ಕರೆದವನು ರಘು, ಮೈಸೂರಿನ ಗಾರ್ಡ್. ಅವನನ್ನು ಕೇಳಿ ಪಂಜಾಬಿಗಳು, ಫಿಲಿಪಿನೋಗಳು, ಕೊನೆಗೆ ಮ್ಯಾನೇಜರನೂ ಅದನ್ನೇ ಹೆಸರೆಂದು ತಿಳಿದರು. "ಮಿಸ್ ಅಕ್ಕ, ಗುಡ್ ಮಾರ್ನಿಂಗ್" ಎನ್ನುತ್ತಿದ್ದರು. ಅವರು ತಿದ್ದಲಿಲ್ಲ. "ಇರಲಿ ಮಾರಾಯ್ರೆ, ಈ ದೇಶದಲ್ಲಿ ನನ್ನ ಹೆಸರನ್ನು ಕೊಲ್ಲುವುದಕ್ಕಿಂತ ಇದು ವಾಸಿ" ಎಂದರು. ನನ್ನನ್ನು ಅವರು ಸಾರ್ಜೆಂಟ್ರೇ ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಸಿಹಿಮಾತಿನವರಲ್ಲ. ಪಿಸ್ತೂಲು ಒಪ್ಪಿಸಲು ತಡವಾದರೆ ಕಾರಣ ಕೇಳುತ್ತಿರಲಿಲ್ಲ, ಕಿಟಕಿಯ ಬಾಗಿಲು ಮುಚ್ಚಿ ಒಳಗೆ ಟೀ ಕುಡಿಯುತ್ತಾ ಕೂರುತ್ತಿದ್ದರು; ನೀನು ಕಾಯಿಸಿದೆ, ಈಗ ನೀನು ಕಾಯಿ. ಆ ಟೀಯಲ್ಲಿ ಚಮಚ ನಿಲ್ಲುವಷ್ಟು ಸಕ್ಕರೆ. ಡಾಕ್ಟರು ಬೇಡವೆಂದಿದ್ದರು. ಉಗುರಿಗೆ ಯಾವಾಗಲೂ ಕೆಂಪು ಬಣ್ಣ. ಕೈ ತುಂಬ ಗನ್ ಎಣ್ಣೆ, ಉಗುರು ಮಾತ್ರ ಮದುವೆ ಮನೆಯದು.

ಅವರ ತಂದೆಗೆ ಬೆಳ್ತಂಗಡಿಯ ಹತ್ತಿರ ಕೋವಿ ರಿಪೇರಿಯ ಅಂಗಡಿ ಇತ್ತಂತೆ. ಹಂದಿ, ಮಂಗ ಓಡಿಸಲು ಲೈಸೆನ್ಸ್ ಕೋವಿ ಇಟ್ಟುಕೊಂಡವರೇ ಗಿರಾಕಿಗಳು. ಚುನಾವಣೆ ಬಂತೆಂದರೆ ಆ ಸುತ್ತಿನ ಕೋವಿಗಳೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂರಬೇಕು. ಮುಗಿದ ಮೇಲೆ ತುಕ್ಕು ಹಿಡಿದು ಹೊರಗೆ ಬರುತ್ತವೆ. ಅದೇ ತಂದೆಯ ಸುಗ್ಗಿ. "ವೋಟು ಯಾರಿಗೆ ಬೇಕಾದ್ರೂ ಹಾಕಿ, ಎಣ್ಣೆ ಮಾತ್ರ ನನ್ನತ್ರ ಹಾಕಿಸಿ ಅಂತ ಹೇಳ್ತಿದ್ರು ಅಪ್ಪ" ಎಂದು ಅಕ್ಕ ನಗುತ್ತಿದ್ದರು. ಒಮ್ಮೆ ಬೇಲಿ ದಾಟುತ್ತಿದ್ದ ಒಬ್ಬನ ಹೆಗಲ ಮೇಲಿನ ಟವೆಲು, ಅಲ್ಲಿಯ ಮಾತಿನಲ್ಲಿ ಬೈರಾಸು, ಕೋವಿಯ ಟ್ರಿಗರಿಗೆ ಸಿಕ್ಕಿಕೊಂಡು ಈಡು ಹಾರಿತು, ಮೊಣಕಾಲು ಹೋಯಿತು. ಪೊಲೀಸರು ಕೋವಿಯನ್ನು ತಂದು, ದೋಷ ಎಲ್ಲಿದೆ ನೋಡು ಎಂದರು. ತಂದೆ ಬಿಚ್ಚಿ, ಒರೆಸಿ, ಜೋಡಿಸಿ, "ಕೋವಿಯಲ್ಲಿ ಎಂತದ್ದೂ ಇಲ್ಲ. ಬೇಕಿದ್ರೆ ಬೈರಾಸನ್ನು ಅರೆಸ್ಟ್ ಮಾಡಿ" ಎಂದರಂತೆ. ಅಕ್ಕನಿಗೆ ಆಗ ಎಂಟೋ ಒಂಬತ್ತೋ ವರ್ಷ. ಆ ಮೊಣಕಾಲನ್ನು ಅವರು ಕಣ್ಣಾರೆ ಕಂಡಿದ್ದರು. ಮದುವೆಯಾಗಿ ಇಲ್ಲಿಗೆ ಬಂದು, ಹೊಲಿಗೆ ಕಾರ್ಖಾನೆಯೊಂದರಲ್ಲಿ ಮೆಷಿನ್ ರಿಪೇರಿ ಮಾಡಿ, ಆಮೇಲೆ ಬಂದೂಕು ದುರಸ್ತಿ ಕಲಿತು ಲೈಸೆನ್ಸ್ ಪಡೆದವರು. ಹಾಗಾಗಿ ಅವರ ಕಣ್ಣು ಯಾವಾಗಲೂ ಎರಡು ಕಡೆ ಇರುತ್ತಿತ್ತು: ಒಂದು ಕಬ್ಬಿಣದ ಮೇಲೆ, ಒಂದು ಬಟ್ಟೆಯ ಮೇಲೆ.

ನಮ್ಮಲ್ಲಿದ್ದದ್ದು ಗಿಡ್ಡ ಪಿಸ್ತೂಲುಗಳು. ಲಾರಿಯ ಸೀಟಿನಲ್ಲಿ ಗಂಟೆಗಟ್ಟಲೆ ಕೂರುವವರಿಗೆ ಉದ್ದದ್ದು ತೊಡೆಗೆ ಒತ್ತುತ್ತದೆ. ಒಂದು ಶರತ್ಕಾಲದಲ್ಲಿ ನಮ್ಮ ಗಾರ್ಡೊಬ್ಬನನ್ನು ಪ್ಲಾಜಾ ಒಂದರ ಹಿಂದಿನ ಕತ್ತಲೆ ಓಣಿಯಲ್ಲಿ ಯಾರೋ ತಳ್ಳಿ ಓಡಿದರು. ಅವನು ಮುಖ ನೋಡಲಾಗಲಿಲ್ಲ ಎಂದ. ಹೆಡ್ ಆಫೀಸಿನಿಂದ ಆಜ್ಞೆ ಬಂತು: ಎಲ್ಲ ಪಿಸ್ತೂಲುಗಳಿಗೂ ದೀಪ ಕೂರಿಸಿ. ಚಳಿಗಾಲಕ್ಕೆ ಮುಂಚೆ ಮುಗಿಯಬೇಕು.

ಅಕ್ಕ ಕೂರಿಸಿದರು. ನಳಿಕೆಯ ಕೆಳಗೆ ಒಂದು ಚಿಕ್ಕ ಹಳಿ ಇರುತ್ತದೆ. ಗಿಡ್ಡ ಪಿಸ್ತೂಲಿನಲ್ಲಿ ಅದು ಇನ್ನೂ ಗಿಡ್ಡ. ದೀಪವನ್ನು ಅದಕ್ಕೆ ಜಾರಿಸಿ ತಿರುಪು ಬಿಗಿಯಬೇಕು. ಸಡಿಲವಾದರೆ ಗುಂಡಿನ ಹೊಡೆತಕ್ಕೆ ಕಳಚುತ್ತದೆ, ಜಾಸ್ತಿ ಬಿಗಿದರೆ ಪಿಸ್ತೂಲಿನ ಮೈಯನ್ನೇ ಹಿಂಡುತ್ತದೆ. ಬಿಗಿದ ಮೇಲೆ ಉಗುರುಬಣ್ಣದ ಶೀಶೆ ತೆಗೆದು, ತಿರುಪಿನ ತಲೆಯಿಂದ ದೀಪದ ಮೈಯವರೆಗೆ ಒಂದು ಕೆಂಪು ಗೆರೆ ಎಳೆಯುತ್ತಿದ್ದರು. ಗೆರೆ ಮುರಿದಿದ್ದರೆ ತಿರುಪು ತಿರುಗಿದೆ ಎಂದರ್ಥ. "ನಿಮ್ಮ ಏರ್‌ಫೋರ್ಸಿನಲ್ಲಿ ಹೀಗೆ ಮಾಡ್ತಿದ್ರಾ ಸಾರ್ಜೆಂಟ್ರೇ?" ಎಂದು ಕೇಳಿದರು. ಮಾಡುತ್ತಿದ್ದೆವು, ಬಣ್ಣ ಬೇರೆ ಎಂದೆ. "ಶೇಡು ನಮ್ಮದೇ ಚಂದ" ಎಂದರು.

ದೀಪ ಬಂದ ಮೇಲೆ ಪ್ರತಿಯೊಬ್ಬ ಗಾರ್ಡಿಗೂ ಒಂದು ಪರೀಕ್ಷೆ. ಖಾಲಿ ಪಿಸ್ತೂಲು ಸೊಂಟಕ್ಕೆ, ಜೇಬಿಗೆ ಒಂದು ಸಣ್ಣ ಟಾರ್ಚು. ಕೋಣೆಯ ಲೈಟು ಆರಿಸಿ, ಅವನ ಕಾರಿನ ಕೀ ನೆಲಕ್ಕೆ ಎಸೆದು, ಹುಡುಕು ಎನ್ನುವುದು. ಹುಡುಕಲು ಪಿಸ್ತೂಲಿನ ದೀಪಕ್ಕೆ ಕೈ ಹಾಕಿದವನು ಫೇಲು. "ಅದರ ಬೆಳಕು ಎಲ್ಲಿಗೆ ಬೀಳ್ತದೋ ಅಲ್ಲಿಗೇ ಗುಂಡೂ ಹೋಗ್ತದೆ. ಕೀ ಹುಡುಕ್ಲಿಕ್ಕೆ ಕೋವಿ ತೋರಿಸ್ತೀಯಾ? ನಾಳೆ ಕಸ ಗುಡಿಸುವ ಮುದುಕಿಗೆ ತೋರಿಸ್ತಿ." ರಘು ಮೊದಲ ಸಲ ಫೇಲಾದ. "ಅಕ್ಕಾ, ಬಾಯ್ತಪ್ಪಿದ್ ಹಾಗೆ ಕೈ ತಪ್ತು" ಎಂದ. "ಬಾಯಿ ತಪ್ಪಿದ್ರೆ ಸಾರಿ ಹೇಳ್ಬಹುದು" ಎಂದು ಲೈಟು ಮತ್ತೆ ಆರಿಸಿದರು.

ತೊಂದರೆ ದೀಪದಲ್ಲಿರಲಿಲ್ಲ. ಪಿಸ್ತೂಲನ್ನು ಸೊಂಟದಲ್ಲಿ ಹಿಡಿದಿಡುವ ಗಟ್ಟಿ ಪ್ಲಾಸ್ಟಿಕ್ಕಿನ ಒರೆಯಲ್ಲಿತ್ತು. ದೀಪ ಪಿಸ್ತೂಲಿಗಿಂತ ಅಗಲ. ಅದು ಹಿಡಿಸಬೇಕಾದರೆ ಒರೆಯ ಬಾಯಿಯೂ ಅಗಲವಾಗಬೇಕು. ಆಗ ಟ್ರಿಗರಿನ ಪಕ್ಕದಲ್ಲಿ ಒಂದು ಸಂದು ಉಳಿಯುತ್ತದೆ. ಅಳತೆಗೆ ಸರಿಯಾಗಿ ಮಾಡಿದ ಒರೆಗಳು ವಸಂತಕ್ಕೆ ಬರುತ್ತವೆ, ಅಲ್ಲಿಯವರೆಗೆ ಈ ದೊಗಲೆ ಒರೆಗಳಲ್ಲೇ ನಡೆಸಿ ಎಂದು ಮೇಲಿನವರು ಕಳಿಸಿದ್ದರು.

ಅಕ್ಕ ಒಂದು ಒರೆಯನ್ನು ನನ್ನ ಮೇಜಿಗೆ ತಂದು, ಆ ಸಂದಿನಲ್ಲಿ ತಮ್ಮ ಕಿರುಬೆರಳು ಇಟ್ಟು ತೋರಿಸಿದರು. ಕೆಂಪು ಉಗುರು ಒಳಗೆ ಹೋಗಿ ಮಾಯವಾಯಿತು.

"ನನ್ನ ಬೆರಳು ಹೋಗ್ತದೆ ಅಂದ್ರೆ ಎಂತೆಂತ ಹೋಗ್ಲಿಕ್ಕಿಲ್ಲ? ಇವರ ಜಾಕೆಟ್ಟು ನೋಡಿ."

ನೋಡಿದೆ. ಕಂಪನಿ ಕೊಟ್ಟ ಚಳಿಗಾಲದ ದಪ್ಪ ಜಾಕೆಟ್ಟುಗಳು. ಸೊಂಟದ ಅಂಚಿನಲ್ಲಿ ಬಿಗಿಮಾಡಲು ದಾರ, ದಾರದ ತುದಿಗೆ ಪ್ಲಾಸ್ಟಿಕ್ಕಿನ ಗುಂಡಿ. ಅದು ನೇತಾಡುವ ಜಾಗ ಸರಿಯಾಗಿ ಒರೆಯ ಬಾಯಿಯ ಮೇಲೆ. ಪಿಸ್ತೂಲು ಒಳಗೆ ಹೋಗುವಾಗ ಗುಂಡಿಯೂ ಜೊತೆಗೆ ಹೋದರೆ ಟ್ರಿಗರಿಗೆ ಅದೇ ಬೆರಳು. ಗುಂಡು ಹೋಗುವುದು ಹಾಕಿಕೊಂಡವನ ತೊಡೆಗೆ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಆಸ್ಪತ್ರೆಯವರೆಗೆ ಮನುಷ್ಯ ಉಳಿಯುವುದು ಕಷ್ಟ.

ಮ್ಯಾನೇಜರನ ಬಳಿ ಇಬ್ಬರೂ ಹೋದೆವು. ಒರೆ ಬರುವವರೆಗೆ ದೀಪ ಬೇಡ ಎಂದು ಅಕ್ಕ ಹೇಳಿದರು. ಬ್ಯಾಂಕಿಗೆ ಮಾತು ಕೊಟ್ಟಾಗಿದೆ, ನೀವು ಮಾಡದಿದ್ದರೆ ಹೊರಗಿನವರನ್ನು ಕರೆಸುತ್ತೇನೆ ಎಂದು ಅವನು ಹೇಳಿದ. ಕೆಟ್ಟವನಲ್ಲ, ಅವನ ಮೇಲೂ ಮ್ಯಾನೇಜರುಗಳಿದ್ದರು.

ಹೊರಗೆ ಬಂದ ಮೇಲೆ ಅಕ್ಕ ಹೇಳಿದರು: "ಹೊರಗಿನವ ಬಂದ್ರೆ ತಿರುಪು ಮಾತ್ರ ನೋಡ್ತಾನೆ. ನಾನೇ ಇರ್ತೇನೆ. ಆದ್ರೆ ಇದು ನನ್ನ ಕೈ ಕೆಲಸ, ಸಾರ್ಜೆಂಟ್ರೇ. ವಸಂತದವರೆಗೆ ಯಾರ ಕಾಲು ಹೋದ್ರೂ ನಾನು ಕೂರಿಸಿದ ದೀಪದಿಂದ ಹೋದದ್ದು."

ಮರುದಿನದಿಂದ ಅವರ ಕೊರಳಲ್ಲಿ ದಾರ ಕಟ್ಟಿದ ಒಂದು ಕತ್ತರಿ ಬಂತು. ಕಿಟಕಿಗೆ ಬಂದವನ ಜಾಕೆಟ್ಟಿನ ಅಂಚನ್ನು ಮೊದಲು ಹಿಡಿಯುವುದು, ದಾರ ಎಳೆದು ಕತ್ತರಿಸುವುದು, ಆಮೇಲೆ ಪಿಸ್ತೂಲು. ಒಮ್ಮೆ ಕತ್ತರಿಸಿದ ಜಾಕೆಟ್ಟನ್ನು ಮತ್ತೆ ನೋಡುತ್ತಿರಲಿಲ್ಲ. ಗೊಣಗಿದರು. ಗಾಳಿ ನುಗ್ಗುತ್ತದೆ ಎಂದರು. ಒಬ್ಬ ಸರ್ದಾರ್ಜಿ, "ಅಕ್ಕ ಜೀ, ನನ್ನ ಪೇಟ ಮಾತ್ರ ಬಿಟ್ಟುಬಿಡಿ" ಎಂದು ಕೈಮುಗಿದ. ರಘು, "ಹೊಸಾ ಜಾಕೆಟ್ಟು ಕಣಕ್ಕಾ, ಚೌಲ ಮಾಡ್ಬಿಟ್ರಲ್ಲ" ಎಂದ. ಆ ಭರದಲ್ಲಿ ಅವರು ಕಿಟಕಿಯ ಪಕ್ಕದ ಗೂಟಕ್ಕೆ ನೇತುಹಾಕಿದ್ದ ಮ್ಯಾನೇಜರನ ಸ್ವಂತ ಜಾಕೆಟ್ಟಿನ ದಾರವನ್ನೂ ಕತ್ತರಿಸಿದರು. ಅವನು ಪಿಸ್ತೂಲನ್ನೇ ಮುಟ್ಟುವವನಲ್ಲ. ತಪ್ಪಾಯಿತೆಂದು ಹೇಳಿ ಎಂದೆ. "ಸಿಕ್ಕಿದ್ದು ಹೋಯ್ತು" ಎಂದರೇ ಹೊರತು ಹೇಳಲಿಲ್ಲ. ಆ ವಿಷಯದಲ್ಲಿ ಅವರದು ತಪ್ಪೇ.

ನವೆಂಬರ್ ಕಳೆಯಿತು, ಡಿಸೆಂಬರ್ ಕಳೆಯಿತು. ಪ್ರತಿ ಸಂಜೆ ಕೊನೆಯ ಪಿಸ್ತೂಲು ಕಿಟಕಿಯೊಳಗೆ ಬಂದ ಮೇಲೆ ಅವರು ಗಾಜಿನ ಆಚೆಯಿಂದ ನನಗೆ ಒಂದು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಇವತ್ತಿಗೆ ಎಲ್ಲರ ಕಾಲೂ ಮನೆಗೆ ಹೋದವು ಎಂದು. ಅದನ್ನು ನೋಡದೆ ನಾನು ರೈಲಿಗೆ ಹೊರಡುತ್ತಿರಲಿಲ್ಲ.

ಜನವರಿಯ ಒಂದು ಮಧ್ಯಾಹ್ನ ರಘುವಿನ ಲಾರಿ ನ್ಯೂಮಾರ್ಕೆಟ್ ಊರು ಸುತ್ತಿ ಬೇಗ ಮರಳಿತು. ಮರಳಿದವರಿಗೆ ಒಂದು ಕ್ರಮವಿದೆ. ಅಂಗಳದಲ್ಲಿ ಮರಳು ತುಂಬಿದ ಡ್ರಮ್ಮು ಇದೆ. ಅದರ ಮುಂದೆ ನಿಂತು ಪಿಸ್ತೂಲು ತೆಗೆದು, ಮೂತಿಯನ್ನು ಡ್ರಮ್ಮಿನ ಬಾಯಿಗೆ ಇಟ್ಟು, ಗುಂಡು ಖಾಲಿ ಮಾಡಿ, ಕಿಟಕಿಯಲ್ಲಿ ಒಪ್ಪಿಸಬೇಕು. ರಘು ಪಿಸ್ತೂಲು ತೆಗೆದಿದ್ದ. ಆಗ ಹಿಂದೆ ಅವನ ಜೊತೆಗಾರ ಲಾರಿಯ ಮೆಟ್ಟಿಲಿನ ಮಂಜುಗಡ್ಡೆಯ ಮೇಲೆ ಜಾರಿ ದೊಪ್ಪನೆ ಬಿದ್ದ. ರಘು ತಿರುಗಿ ನೋಡಿದವನು, ಪಿಸ್ತೂಲನ್ನು ಒರೆಗೆ ವಾಪಸು ತುರುಕಿ, ಅವನನ್ನು ಎತ್ತಲು ಹೊರಟ. ಪಿಸ್ತೂಲು ಪೂರ್ತಿ ಕೂತರೆ ಒರೆ ಟಕ್ಕೆನ್ನಬೇಕು, ಎನ್ನಲಿಲ್ಲ. ಆ ದೊಗಲೆ ಒರೆಗಳು ಒಮ್ಮೊಮ್ಮೆ ಟಕ್ಕೆನ್ನುತ್ತಿರಲಿಲ್ಲ, ಎಲ್ಲರೂ ಅಂಗೈಯಿಂದ ಒಂದು ಗುದ್ದು ಕೊಡುತ್ತಿದ್ದರು. ರಘು ಅಂಗೈ ಎತ್ತಿದ.

"ಉಂತು!"

ಅಕ್ಕನ ದನಿ. ತುಳುವಿನಲ್ಲಿ ನಿಲ್ಲು ಎಂದರ್ಥ. ಮೈಸೂರಿನವನಿಗೆ ಆ ಮಾತು ಗೊತ್ತಿರಲಿಲ್ಲ, ಆದರೂ ಎತ್ತಿದ ಕೈ ಎತ್ತಿದ ಹಾಗೇ ನಿಂತಿತು.

"ಕೈ ತಲೆ ಮೇಲೆ ಇಡು. ಎರಡೂ ಕೈ. ಬಗ್ಗಬೇಡ. ಸಾರ್ಜೆಂಟ್ರೇ, ಶಟರು ಬಂದ್ ಮಾಡಿ. ಆ ಬಿದ್ದವನನ್ನು ಲಾರಿಯ ಹಿಂದೆ ಕಳಿಸಿ."

ನಾನು ಶಟರಿನ ಗುಂಡಿ ಒತ್ತಿದೆ. ಜೊತೆಗಾರ ಕುಂಟುತ್ತಾ ಲಾರಿಯ ಆಚೆಗೆ ಹೋದ. ಹೊರಗಿನ ಲಾರಿಗಳಿಗೆ ಒಳಗೆ ಬರಬೇಡಿ ಎಂದು ರೇಡಿಯೊದಲ್ಲಿ ಹೇಳಿ ನಾನೂ ಅಂಗಳಕ್ಕೆ ಇಳಿದೆ. ಆಗ ನನಗೂ ಕಂಡಿತು. ರಘುವಿನ ಜಾಕೆಟ್ಟಿನ ಅಂಚಿನಿಂದ ಒಂದು ಬಿಳಿಯ ದಾರ ಹೊರಟು ಒರೆಯೊಳಗೆ ಇಳಿದಿತ್ತು. ಬಿಗಿಯಾಗಿ, ಬಾವಿಗೆ ಬಿಟ್ಟ ಹಗ್ಗದ ಹಾಗೆ. ಅವನು ಉಸಿರೆಳೆದರೆ ಜಾಕೆಟ್ಟು ಏಳುತ್ತಿತ್ತು, ದಾರವೂ ಎಳೆಯುತ್ತಿತ್ತು.

"ಅಕ್ಕಾ, ಏನಾಯ್ತು?"

"ಎಂತದ್ದೂ ಆಗ್ಲಿಲ್ಲ. ಸಣ್ಣಗೆ ಉಸಿರಾಡು. ಊಟ ಆಯ್ತಾ?"

"ಆಯ್ತು."

"ಎಂತ ತಂದಿದ್ದಿ?"

"ಉಪ್ಪಿಟ್ಟು."

"ಊರಿಂದ ಅಮ್ಮ ಬಂದಿದ್ದಾರೆ ಅಂತ ಮೊನ್ನೆಯೆಲ್ಲ ಕೊಚ್ಚಿಕೊಂಡಿ. ಅಮ್ಮ ಬಂದ್ಮೇಲೂ ಉಪ್ಪಿಟ್ಟೇ?"

ಮಾತಾಡುತ್ತಲೇ ಅವರು ಕೋಣೆಯಿಂದ ಹೊರಗೆ ಬಂದು ಅವನ ಬಲಕ್ಕೆ, ಮೂತಿಯ ದಾರಿ ಬಿಟ್ಟು, ಸಿಮೆಂಟು ನೆಲದ ಮೇಲೆ ಮಂಡಿಯೂರಿದರು. ಅವರಿಗೆ ಮಂಡಿನೋವು, ಮನೆಯ ದೇವರಿಗೂ ನಿಂತೇ ಕೈಮುಗಿಯುವವರು. ಎಡಗೈಯಲ್ಲಿ ದಾರವನ್ನು ಎಳೆಯದೆ ಹಿಡಿದು, ಜಾಕೆಟ್ಟಿನ ಬುಡದಲ್ಲಿ ಕತ್ತರಿಸಿದರು. ಬಿಳಿಯ ತುಂಡು ಸಡಿಲಾಗಿ ಒರೆಯ ಮೇಲೆ ಮಲಗಿತು. ಈಗ ಅವನು ಉಸಿರಾಡಬಹುದಿತ್ತು. ಅವನಿಗೆ ಅದು ಗೊತ್ತಿರಲಿಲ್ಲ, ಹಣೆಯಿಂದ ಬೆವರು ಇಳಿಯುತ್ತಿತ್ತು.

"ಬಲಗಾಲು ಹಿಂದೆ ಇಡು. ಇನ್ನೂ ಹಿಂದೆ. ಹ್ಞಾಂ."

ಪಿಸ್ತೂಲಿನ ಹಿಡಿಯಿಂದ ಗುಂಡು ತುಂಬಿದ ಮ್ಯಾಗಜಿನನ್ನು ಮೆಲ್ಲಗೆ ಜಾರಿಸಿ ಹಿಂದಕ್ಕೆ ಕೈ ಚಾಚಿದರು. ನಾನು ತೆಗೆದುಕೊಂಡೆ. ನಳಿಕೆಯಲ್ಲಿ ಒಂದು ಗುಂಡು ಇನ್ನೂ ಇತ್ತು, ಅದು ನಮ್ಮ ಮೂವರಿಗೂ ಗೊತ್ತು. ಆಮೇಲೆ ಬೆಲ್ಟನ್ನು ಬಿಚ್ಚಿದರು. ಒರೆ, ಒರೆಯೊಳಗೆ ಪಿಸ್ತೂಲು, ಪಿಸ್ತೂಲಿಗೆ ದೀಪ, ದೀಪದ ಪಕ್ಕದಲ್ಲಿ ಏನೋ ಒಂದು. ಎಲ್ಲವನ್ನೂ ಒಟ್ಟಿಗೆ, ಮೂತಿ ನೆಲ ನೋಡುವ ಹಾಗೆ, ಮಗುವನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಎತ್ತಿಕೊಂಡರು. ಏಳಲಾಗಲಿಲ್ಲ. ನಾನು ಹಿಂದಿನಿಂದ ಅವರ ಎರಡೂ ತೋಳಿನ ಕೆಳಗೆ ಕೈ ಕೊಟ್ಟು ಎಬ್ಬಿಸಿದೆ.

ಡ್ರಮ್ಮಿನ ಬಾಯಿಗೆ ಮೂತಿ ಇಟ್ಟ ಮೇಲೂ ಅವರು ಪಿಸ್ತೂಲನ್ನು ಎಳೆಯಲಿಲ್ಲ. ಎಳೆದರೆ ಒಳಗಿರುವುದು ಟ್ರಿಗರಿನ ಮೇಲೆ ಉರುಳುತ್ತದೆ. ನನ್ನಿಂದ ಸ್ಕ್ರೂಡ್ರೈವರ್ ತರಿಸಿ, ಒರೆಯ ತಿರುಪುಗಳನ್ನೇ ಒಂದೊಂದಾಗಿ ಬಿಚ್ಚಿ, ಹಲಸಿನ ತೊಳೆ ಬಿಡಿಸಿದ ಹಾಗೆ ಪ್ಲಾಸ್ಟಿಕ್ಕನ್ನು ಎರಡು ಭಾಗ ಮಾಡಿದರು. ಟ್ರಿಗರಿಗೆ ಒತ್ತಿಕೊಂಡು ಒಂದು ಮರದ ಮಣಿ ಕೂತಿತ್ತು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಉಗುರಿನ ತುದಿಯಿಂದ ಅದನ್ನು ಹಿಂದಕ್ಕೆ ತಳ್ಳಿ ತೆಗೆದರು. ಆಮೇಲೆ ನಳಿಕೆಯ ಗುಂಡು ಹೊರಗೆ ಬಿದ್ದು ಸಿಮೆಂಟಿನ ಮೇಲೆ ಉರುಳಿತು.

ರಘು ಆಗಲೂ ತಲೆಯ ಮೇಲಿನ ಕೈ ಇಳಿಸಿರಲಿಲ್ಲ.

"ಇದು ಎಲ್ಲಿಂದ ಬಂತು?" ಎಂದು ಅಕ್ಕ ಮಣಿಯನ್ನು ತೋರಿಸಿದರು.

ಅವನು ನೋಡಿದ. ನೋಡುತ್ತಾ ನೋಡುತ್ತಾ ಮುಖ ಬಿಳಿಚಿಕೊಂಡಿತು. "ಅಮ್ಮ... ಇಷ್ಟು ಒಳ್ಳೆ ಜಾಕೆಟ್ಟು, ಲಾಡಿ ಕಿತ್ಕೊಂಡು ಓಡಾಡ್ತೀಯಲ್ಲೋ ಅಂತ ನಿನ್ನೆ ಬೈತಾ ಇದ್ಲು. ರಾತ್ರಿ ಕೂತ್ಕೊಂಡು ಪೋಣ್ಸಿರ್ಬೇಕು. ನಾನು ನೋಡ್ಲಿಲ್ಲ ಅಕ್ಕಾ, ಕತ್ತಲಲ್ಲೇ ಎದ್ದು ಬಂದೆ."

ಲಂಗಕ್ಕೆ ಲಾಡಿ ಪೋಣಿಸುವ ಹಾಗೆ, ದಾರದ ತುದಿಗೆ ಪಿನ್ನು ಚುಚ್ಚಿ ಅಂಚಿನೊಳಗೆಲ್ಲ ಸುತ್ತಿಸಿ, ತುದಿ ಮತ್ತೆ ಒಳಗೆ ಸೇರದಿರಲಿ ಎಂದು ಮಣಿ ಕಟ್ಟಿದ್ದರು. ಬಹಳ ಅಚ್ಚುಕಟ್ಟಾದ ಕೆಲಸ. ಅಕ್ಕ ಆ ಗಂಟನ್ನು ತಿರುಗಿಸಿ ನೋಡಿದರು. ನಾನು ಬೈಗುಳ ಕಾಯುತ್ತಿದ್ದೆ.

"ಅಮ್ಮನಿಗೆ ಹೇಳ್ಬೇಡ" ಎಂದರು. "ಜನ್ಮದಲ್ಲಿ ಇನ್ನು ಸೂಜಿ ಹಿಡಿಯುವುದಿಲ್ಲ ಅವರು."

ಆಮೇಲೆ ತಮ್ಮ ಕೋಣೆಗೆ ಹೋಗಿ ರಘುವಿನ ಪಿಸ್ತೂಲಿನ ದೀಪ ಬಿಚ್ಚಿದರು. ಅದು ಮುಗಿದ ಮೇಲೆ ಕಪಾಟಿನಲ್ಲಿದ್ದವನ್ನು ಬಿಚ್ಚಿದರು. ಲಾರಿಗಳು ಬಂದ ಹಾಗೆ ಬಂದವನ್ನೆಲ್ಲ ಬಿಚ್ಚಿದರು. ಕೆಂಪು ಗೆರೆಗಳು ಒಂದೊಂದಾಗಿ ಮುರಿದವು. ಯಾರನ್ನೂ ಕೇಳಲಿಲ್ಲ. ಯಾರೂ ಕಿಟಕಿಯಲ್ಲಿ ಗೊಣಗಲೂ ಇಲ್ಲ.

ಮ್ಯಾನೇಜರ್ ಬಂದಾಗ ದೀಪಗಳು ಒಂದು ಟ್ರೇ ತುಂಬ ಇದ್ದವು. ಯಾರು ಹೇಳಿದರು ನಿಮಗೆ ಎಂದು ಕೇಳಿದ. ಅಕ್ಕ ಮಣಿಯನ್ನು ಅವನ ಮುಂದೆ ಇಟ್ಟು ನಡೆದದ್ದನ್ನು ಹೇಳಿದರು. ಯಾರು ಕಟ್ಟಿದ್ದೆಂದು ಮಾತ್ರ ಹೇಳಲಿಲ್ಲ. ಅವನಿಗೆ ಗಾಬರಿಯಾಯಿತು, ಅದು ಕಂಡಿತು. ಆದರೂ, ಕೊನೆಗೆ ಏನೂ ಆಗಲಿಲ್ಲವಲ್ಲ ಎಂದ.

ಆಗಲಿಲ್ಲ, ಅದಕ್ಕೇ ಈಗ ತೆಗೆಯುತ್ತಿದ್ದೇನೆ, ಆದ ಮೇಲೆ ತೆಗೆಯಲು ನಾನೇ ಬೇಕಾಗಿಲ್ಲ ಎಂದು ಅಕ್ಕ ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳಿದರು.

ಬೆಳಿಗ್ಗೆ ಲಾರಿ ಹೊರಡುವ ಮುಂಚೆ ಅಷ್ಟನ್ನೂ ವಾಪಸು ಕೂರಿಸಬೇಕು, ಇಲ್ಲದಿದ್ದರೆ ಕೀ ಕೊಟ್ಟು ಹೋಗಬೇಕು ಎಂದು ಅವನು ಹೇಳಿದ. ಯೋಚನೆ ಮಾಡಿ ಎಂದು ನಾನೂ ಹೇಳಿದೆ. ಪೆನ್ಶನ್‌ಗೆ ಅವರಿಗೆ ಇನ್ನು ಸ್ವಲ್ಪವೇ ಬಾಕಿ ಇತ್ತು. ಅವರು ಟೀಗೆ ಸಕ್ಕರೆ ಹಾಕುತ್ತಿದ್ದರು. "ಸಾರ್ಜೆಂಟ್ರೇ, ಕಾಲಿಗೆ ಪೆನ್ಶನ್ ಉಂಟಾ?" ಎಂದರು.

ಮರುದಿನ ನಾನು ಹೋಗುವಾಗ ಅವರು ಆಗಲೇ ಬಂದಿದ್ದರು. ಹಳೆಯ, ಬಾಯಿ ಬಿಗಿಯಾದ ಒರೆಗಳನ್ನು ಅವರು ಎಸೆದಿರಲಿಲ್ಲ. ಒರೆಸಿ ಸಾಲಾಗಿ ಇಟ್ಟಿದ್ದರು. ಗಾರ್ಡುಗಳು ಕಿಟಕಿಯ ಮುಂದೆ ಸಾಲು ನಿಂತರು. ದೀಪವಿಲ್ಲದ ಪಿಸ್ತೂಲು, ಹಳೆಯ ಒರೆ, ಒಂದು ಕೈಟಾರ್ಚು. ಮ್ಯಾನೇಜರ್ ಬಾಗಿಲಲ್ಲಿ ನಿಂತು ನೋಡಿದ. ಹೊರಡಬೇಕಾದ ಲಾರಿಗಳನ್ನು ತಡೆಯುವ ಧೈರ್ಯ ಅವನಿಗೆ ಬರಲಿಲ್ಲ. ಕೊನೆಯ ಪಿಸ್ತೂಲು ಹೋಗುವವರೆಗೆ ಕಾದು, ಕೀ ತೆಗೆದುಕೊಳ್ಳಿ ಎಂಬಂತೆ ನನ್ನ ಕಡೆ ತಲೆಯಾಡಿಸಿದ.

ಅಕ್ಕ ಕೀ ಗೊಂಚಲನ್ನು ನನ್ನ ಕೈಗೆ ಕೊಟ್ಟರು. ಕ್ರಮದ ಪ್ರಕಾರ ಒಂದೊಂದು ಕೀಯನ್ನೂ ಅದರ ಬೀಗಕ್ಕೆ ಹಾಕಿ ನೋಡಿ ತೆಗೆದುಕೊಳ್ಳಬೇಕು. ಹಾಗೇ ಮಾಡಿದೆ. ಅವರು ಪಕ್ಕದಲ್ಲಿ ನಿಂತು ಪ್ರತಿ ಬೀಗವೂ ತಿರುಗುವುದನ್ನು ನೋಡಿದರು. ಕೊರಳಿನ ಕತ್ತರಿಯನ್ನು ಕಳಚಿ ಕಿಟಕಿಯ ಹಲಗೆಯ ಮೇಲೆ ಇಟ್ಟರು. ಅದು ಅವರದ್ದೇ, ತೆಗೆದುಕೊಂಡು ಹೋಗಿ ಎಂದೆ. ಬರುವವನಿಗೆ ಬೇಕಾಗ್ತದೆ ಎಂದರು.

ಕೋಟು ಹಾಕಿಕೊಂಡು, ಬ್ಯಾಗು ಹೆಗಲಿಗೆ ಏರಿಸಿ ಅಂಗಳ ದಾಟಿದರು. ಲಾರಿಗಳ ಎಂಜಿನ್ನುಗಳು ಓಡುತ್ತಿದ್ದವು. ರಘು ತನ್ನ ಲಾರಿಯ ಬಾಗಿಲು ಹಿಡಿದು ನಿಂತಿದ್ದ. ಬಾಗಿಲು ಬಿಟ್ಟು ಬಂದು ಅವರ ದಾರಿಗೆ ಅಡ್ಡವಾಗಿ ನಿಂತುಬಿಟ್ಟ. ಕಣ್ಣು ತುಂಬಿತ್ತು.

ಅಕ್ಕ ಅವನ ಜಾಕೆಟ್ಟಿನ ಅಂಚನ್ನು ಎರಡೂ ಕೈಯಲ್ಲಿ ಸುತ್ತ ತಡವಿ ನೋಡಿ, ಬಿಟ್ಟರು.

"ಎಂತ ನೋಡ್ತಿ ಮಾರಾಯ? ಎರಡು ಕಾಲು ಉಂಟಲ್ಲ? ನಡಿ. ಲಾರಿ ಕಾಯ್ತಾ ಉಂಟು."